ಏಳು ಮೂವತ್ತೈದರ ವಾರ್ತೆಯೂ ದರ್ಜಿ ಸಾಬ್ರ ಕಿವಿಯೂ

ನನ್ನ ಗೆಳೆಯರೊಬ್ಬರಿಗೆ ಕಿವಿ ಕೇಳಿಸುವುದಿಲ್ಲ ಎಂಬ ಸಂಗತಿಯನ್ನು ಅವರ ಮುಖದೆದುರೇ ಹೇಳಬೇಕಾಗಿ ಬಂದದ್ದು ನನ್ನ ಅರವತ್ತೆಂಟು ವರ್ಷದ ಬದುಕಿನಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ್ದು, ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆಯ ಅಧಿಕಾರಿಯಾಗಿ ಬೆಂಚಿನ ಮೇಲೆ ಮಲಗಿದ್ದು, ಇಬ್ಬರು ಹೆಡ್‌ಮಾಸ್ಟರುಗಳ ಜಗಳದಲ್ಲಿ ಇಬ್ಬರ ಪರವಾಗಿಯೂ ಸಾಕ್ಷಿ ಹೇಳಿದ್ದು, ಇವೆಲ್ಲ ಅದರ ಮುಂದೆ ಏನೂ ಅಲ್ಲ.

ಗೆಳೆಯರು ದರ್ಜಿ. ತಾಯಲೂರಿನಲ್ಲಿ ಮುಳಬಾಗಿಲಿನ ರಸ್ತೆಗೆ ಮುಖ ಮಾಡಿದ ಅಂಗಡಿ ಅವರದು. ಅವರ ತಂದೆಯೂ ಅಲ್ಲೇ, ಅದೇ ಹಲಗೆಯ ಮೇಲೆ ಬಟ್ಟೆ ಕತ್ತರಿಸುತ್ತಿದ್ದರಂತೆ. ಊರು ಅವರನ್ನು ಸಾಬ್ರು ಎನ್ನುತ್ತದೆ, ನನ್ನನ್ನು ಮೇಷ್ಟ್ರು ಎನ್ನುತ್ತದೆ. ನಲವತ್ತು ವರ್ಷದಿಂದ ನಾವೂ ಒಬ್ಬರನ್ನೊಬ್ಬರು ಹಾಗೆಯೇ ಕರೆದುಕೊಂಡು ಬಂದಿದ್ದೇವೆ. ಅವರ ಹೊಲಿಗೆ ಮಿಷನ್ನಿನ ಮೇಲುಗಡೆ ಒಂದು ಗೂಡಿದೆ, ಗೂಡಿನಲ್ಲಿ ರೇಡಿಯೋ ಇದೆ. ಬೆಳಿಗ್ಗೆ ಏಳು ಮೂವತ್ತೈದಕ್ಕೆ ಅದರಲ್ಲಿ ಹತ್ತು ನಿಮಿಷ ದೇಶದ ವಾರ್ತೆ ಬರುತ್ತದೆ. ಅದನ್ನು ಕೇಳಲು ನಾವು ಮೂವರು ಕೂಡುತ್ತೇವೆ. ಮೂರನೆಯವರು ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನಿನೊಂದಿಗೆ ಬರುವ ರೈತರು. ಮನೆಮಾತು ತೆಲುಗು. ಊರವರು ಅವರನ್ನು ಪೆದ್ದಾಯನ, ಅಂದರೆ ದೊಡ್ಡವರು ಎನ್ನುತ್ತಾರೆ. ಗಾತ್ರದಲ್ಲಿ ನಮ್ಮ ಮೂವರಲ್ಲಿ ಅವರೇ ಚಿಕ್ಕವರು.

ಈ ಸಭೆಗೊಂದು ಸಂವಿಧಾನವಿದೆ. ಬರೆದಿಟ್ಟದ್ದಲ್ಲ, ಆದ್ದರಿಂದಲೇ ಇದುವರೆಗೆ ಒಂದು ತಿದ್ದುಪಡಿಯೂ ಆಗಿರಲಿಲ್ಲ. ವಾರ್ತೆ ನಡೆಯುವಾಗ ಯಾರೂ ಬಾಯಿ ತೆರೆಯಕೂಡದು ಎನ್ನುವುದು ಅದರ ಮೊದಲ ವಿಧಿ. ಕೆಮ್ಮು ಬಂದವರು ಹೊರಗೆ ಹೋಗಿ ಕೆಮ್ಮಬೇಕು. ಒಮ್ಮೆ ಶಾಲಾ ಇನ್ಸ್‌ಪೆಕ್ಟರರೊಬ್ಬರು ಪ್ಯಾಂಟಿನ ಬಟ್ಟೆ ತಂದು, "ಯಾವಾಗ ಕೊಡ್ತೀರಿ?" ಎಂದು ಎರಡು ಸಲ ಕೇಳಿದರು. ಸಾಬ್ರು ಬೆರಳೆತ್ತಿ ರೇಡಿಯೋ ತೋರಿಸಿದರು. ಇಡೀ ತಾಲ್ಲೂಕಿನ ಮೇಷ್ಟ್ರುಗಳನ್ನು ನಡುಗಿಸುತ್ತಿದ್ದ ಆ ಮಹನೀಯರು ಸ್ಟೂಲಿನ ಮೇಲೆ ಕೂತು, ಹವಾಮಾನದ ತನಕ ಕೇಳಿ, ಆಮೇಲೆ ಅಳತೆ ಕೊಟ್ಟು ಹೋದರು.

ವಾರ್ತೆ ಮುಗಿದ ಮೇಲೆ ಅದರ ಸಾರಾಂಶವನ್ನು ತೆಲುಗಿನಲ್ಲಿ ಹೇಳುವುದು ನನ್ನ ಇಲಾಖೆ. ಗಡಿಯ ಊರು, ತೆಲುಗು ಸಾಬ್ರಿಗೂ ತಿಳಿಯುತ್ತದೆ. ಪೆದ್ದಾಯನರಿಗೆ ಸಂತೆಯ ಕನ್ನಡ, ಡೇರಿಯ ಕನ್ನಡ, ಜಗಳದ ಕನ್ನಡ ಎಲ್ಲ ಬರುತ್ತದೆ. ವಾರ್ತೆಯ ಕನ್ನಡ ಮಾತ್ರ ಬರುವುದಿಲ್ಲ. ಉಭಯ ಸದನಗಳ ಕಲಾಪವನ್ನು ಮುಂದೂಡಲಾಯಿತು ಎಂದು ರೇಡಿಯೋ ಗಂಭೀರವಾಗಿ ಹೇಳಿದ ದಿನ, ವಾರ್ತೆ ಮುಗಿಯುವುದನ್ನೇ ಕಾದಿದ್ದು, "ಏಮಿ ಸಾರೂ, ಎವರು ಚಚ್ಚಿಪೋಯಿನಾರು?" ಎಂದರು. ಯಾರು ಸತ್ತರು ಎಂದು. ಯಾರೂ ಸತ್ತಿಲ್ಲ, ಜಗಳ ಆಡಿಕೊಂಡು ಎಲ್ಲರೂ ಮನೆಗೆ ಹೋದರು ಎಂದು ನಾನು ತೆಲುಗಿನಲ್ಲಿ ಹೇಳಿದೆ. "ದಾನಿಕಿ ಇಂತ ಮಾಟಲಾ," ಅದಕ್ಕೆ ಇಷ್ಟು ಮಾತೇ ಎಂದು ಅವರು ಬೇಸರಪಟ್ಟರು. ನನ್ನ ತೆಲುಗು ಅಮ್ಮನ ಕಡೆಯದು, ಅಡುಗೆಮನೆಯಲ್ಲಿ ಕಲಿತದ್ದು. ಅದರಲ್ಲಿ ವಿದೇಶಾಂಗ ನೀತಿಯನ್ನು ವಿವರಿಸುವುದೆಂದರೆ ನೆರೆಮನೆಯವರ ಜಗಳವನ್ನು ವಿವರಿಸಿದ ಹಾಗೆಯೇ ಆಗುತ್ತಿತ್ತು. ಹೆಚ್ಚೇನೂ ತಪ್ಪಾಗುತ್ತಿರಲಿಲ್ಲ.

ಆಮೇಲೆ ಟೀ. ರಸ್ತೆಯಾಚೆಯ ಹೋಟೆಲಿನಿಂದ ಕೆಟಲಿನಲ್ಲಿ ಟೀ ತರುವುದು ಸಾಬ್ರ ಹಕ್ಕು. ಬೇರೆಯವರು ಎದ್ದರೆ ಕೈಹಿಡಿದು ಕೂರಿಸುತ್ತಾರೆ. "ನಕ್ಕೋ, ಬೇಡ ಮೇಷ್ಟ್ರೆ, ನೀವು ನಮ್ ಅಂಗ್ಡಿಗೆ ಬಂದೋರು. ನೀವೇ ಹೋಗಿ ಟೀ ತಂದ್ರೆ ನಮ್ ಅಬ್ಬಾ ಗೋರಿಯಿಂದ ಎದ್ದು ಬರ್ತಾರೆ" ಎನ್ನುತ್ತಾರೆ. ಅದೇ ಹೊತ್ತಿಗೆ, ಎಂಟಕ್ಕೆ ಹತ್ತು ನಿಮಿಷವಿರುವಾಗ, ನರಸಾಪುರದ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸು ಬರುತ್ತದೆ. ಸಾಬ್ರ ಕಿರಿಯ ಮಗಳು ಅದರಲ್ಲೇ ಕೆಲಸಕ್ಕೆ ಹೋಗುವವಳು. ಅಂಗಡಿಯ ಮೆಟ್ಟಿಲ ಮೇಲೆ ಟಿಫನ್ ಡಬ್ಬಿ ಹಿಡಿದು ನಿಂತಿರುತ್ತಾಳೆ. ನನ್ನ ಹಳೆಯ ವಿದ್ಯಾರ್ಥಿನಿ. ತಾಯಿ ಇಲ್ಲ, ಮನೆಯಲ್ಲಿ ಅಪ್ಪ ಮಗಳು ಇಬ್ಬರೇ.

ಇಷ್ಟು ಪೀಠಿಕೆ ಸಾಕು.

ಕೊರೋನ ಬಂದ ವರ್ಷ ಸಾಬ್ರು ಲೈನಿಂಗ್ ಬಟ್ಟೆಯ ತುಂಡುಗಳಲ್ಲಿ ಊರಿಗೆಲ್ಲ ಮಾಸ್ಕ್ ಹೊಲಿದು ಹಂಚಿದರು. ನನಗೆ ಕೊಟ್ಟದ್ದು ಯಾವುದೋ ಮದುವೆಯ ರವಿಕೆಯದು, ಅಂಚಿನಲ್ಲಿ ಸಣ್ಣ ಜರಿ ಇತ್ತು. ಲಾಕ್‌ಡೌನ್ ಸಡಿಲವಾದ ಮೇಲೆ ಅದನ್ನು ಕಟ್ಟಿಕೊಂಡೇ, ದೂರ ದೂರ ಕೂತು, ವಾರ್ತೆ ಕೇಳುತ್ತಿದ್ದೆವು. ಆಗ ಸಾಬ್ರಲ್ಲಿ ಏನೋ ಬದಲಾವಣೆ ಕಂಡಿತು. ನಾನು ತೆಲುಗಿನಲ್ಲಿ ಹೇಳುವಾಗ ಬಾಗಿಲ ಕಡೆ ನೋಡುವರು. ಏನಾದರೂ ಕೇಳಿದರೆ, "ಹೌದು, ಹೌದು, ಕಾಲ ಹಂಗಿದೆ" ಎನ್ನುವರು. ಆ ದಿನಗಳಲ್ಲಿ ಯಾವ ಪ್ರಶ್ನೆಗಾದರೂ ಅದು ಸರಿಯಾದ ಉತ್ತರವೇ ಆಗಿತ್ತು. ಆದ್ದರಿಂದ ನಮಗೆ ಅನುಮಾನ ಬರಲಿಲ್ಲ. ಭಯ ಹಿಡಿದಿದೆ ಎಂದುಕೊಂಡೆವು. ಮಾಸ್ಕು ಹೋದಮೇಲೆ ಅವರೂ ಮೊದಲಿನಂತಾದರು. ಭಯ ಹೋಯಿತು ಎಂದುಕೊಂಡೆವು. ಎರಡು ಸಲವೂ ನಾವು ಏನನ್ನೂ ನೋಡಿರಲಿಲ್ಲ.

ಈಗ್ಗೆ ಕೆಲವು ತಿಂಗಳ ಹಿಂದೆ, ಬೇಸಿಗೆ ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ ಸಾಬ್ರು ಗೋಡೆಯ ಗಡಿಯಾರ ನೋಡಿ ರೇಡಿಯೋ ಹಾಕಿದರು. ಹಿಂದಿನ ದಿನ ಬಟ್ಟೆಯ ಗಂಟು ತಗುಲಿ ಅದರ ಸ್ಟೇಷನ್ ತಿರುಗಣಿ ಸರಿದುಹೋಗಿತ್ತೆಂದು ಕಾಣುತ್ತದೆ. ಬಂದದ್ದು ಬರೀ ಸದ್ದು, ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ, ಸೊಯ್ ಎಂದು. ಸಾಬ್ರು ಸರಿಮಾಡುತ್ತಾರೆಂದು ಕಾದೆವು. ಅವರು ಸರಿಮಾಡಲಿಲ್ಲ. ಎಂದಿನಂತೆ ಕೈ ಕಟ್ಟಿ, ತಲೆ ಸ್ವಲ್ಪ ಬಾಗಿಸಿ, ಕೂತರು. ನಡುನಡುವೆ ತಲೆಯಾಡಿಸಿದರು. ಒಮ್ಮೆ "ಚ್ ಚ್" ಎಂದು ಮರುಗಿದರು ಕೂಡ.

ಬೇರೆ ಯಾವ ಊರಿನಲ್ಲಾದರೂ ಒಬ್ಬನು ಎದ್ದು, "ರೇಡಿಯೋ ಬರ್ತಾ ಇಲ್ಲಪ್ಪ" ಎಂದಿರುತ್ತಿದ್ದ. ನಾವು ಸಂವಿಧಾನಕ್ಕೆ ಬದ್ಧರಾದ ಜನ. ಪೆದ್ದಾಯನರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ, ಆಮೇಲೆ ಇಬ್ಬರೂ ನೆಲ ನೋಡಿದೆವು. ಹತ್ತು ನಿಮಿಷ ಆ ಸೊಯ್ ಎಂಬ ಸದ್ದನ್ನು ಪೂರ್ಣ ಮೌನದಲ್ಲಿ, ಭಕ್ತಿಯಿಂದ ಕೇಳಿದೆವು. ಗಡಿಯಾರ ನೋಡಿಕೊಂಡು ಸಾಬ್ರು ರೇಡಿಯೋ ಆರಿಸಿ ನನ್ನ ಕಡೆ ತಿರುಗಿದರು.

"ಹೇಳಿ ಮೇಷ್ಟ್ರೆ, ಪೆದ್ದಾಯನ್ರು ಕಾಯ್ತಾವ್ರೆ."

ಆಗಲಾದರೂ ಹೇಳಬಹುದಿತ್ತು. ನಾನು ಹೇಳಲಿಲ್ಲ. ಗಂಟಲು ಸರಿಮಾಡಿಕೊಂಡು, ಇಲ್ಲದ ವಾರ್ತೆಯ ಸಾರಾಂಶವನ್ನು ತೆಲುಗಿನಲ್ಲಿ ಒಪ್ಪಿಸಿದೆ. ದಿಲ್ಲಿಯಲ್ಲಿ ಒಂದು ಸಭೆ ಆಯಿತು. ಸಭೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪಲಿಲ್ಲ. ಸಮುದ್ರದಲ್ಲಿ ವಾಯುಭಾರ ಕುಸಿದಿದೆ. ನಮ್ಮ ಕೋಲಾರದ ಕಡೆ ಮೂರು ದಿನ ಮಳೆ. ಯಾವ ದಿನ ಹೇಳಿದರೂ ನಿಜವಾಗುವ ಸುದ್ದಿಗಳು, ಕೊನೆಯದೊಂದನ್ನು ಬಿಟ್ಟು. ಅದು ಮಾತ್ರ ನನ್ನ ಅತಿಯಾಸೆ. ಪೆದ್ದಾಯನರು ಎಲ್ಲವನ್ನೂ ಗಂಭೀರವಾಗಿ ಕೇಳಿ "ಸರೇ ಸಾರೂ" ಎಂದರು. ಸಾಬ್ರು ಟೀಗೆ ಎದ್ದರು.

ಅವರು ರಸ್ತೆ ದಾಟಿದ ಮೇಲೆ ಪೆದ್ದಾಯನರು ತಗ್ಗಿದ ದನಿಯಲ್ಲಿ ತೆಲುಗಿನಲ್ಲಿ ಅಂದರು: "ಸಾರೂ, ಅವನಿಗೆ ಕೇಳಿಸ್ತಿಲ್ಲ."

"ಗೊತ್ತಾಯ್ತು."

"ಹೇಳೋರು ಯಾರು?"

"ನೋಡೋಣ" ಎಂದೆ. ಸರ್ಕಾರಿ ನೌಕರಿಯಲ್ಲಿ ಮೂವತ್ತು ವರ್ಷ ಇದ್ದವನಿಗೆ ಆ ಪದ ತಾನಾಗಿಯೇ ಬರುತ್ತದೆ.

ಒಂದು ವಾರ ನೋಡಿದ್ದಾಯಿತು. ಪೆದ್ದಾಯನರು ಅಂದೇ ಸಾಬ್ರ ಕಣ್ಣು ತಪ್ಪಿಸಿ ತಿರುಗಣಿಯನ್ನು ಸರಿಮಾಡಿಟ್ಟರು. ವಾರ್ತೆ ಮತ್ತೆ ಬಂತು. ನಮ್ಮ ಕೆಲಸ ಮುಗಿಯಿತು ಎನ್ನುವಂತೆ ಕೂತಿದ್ದೆವು.

ಎಂಟನೆಯ ದಿನ ಸಾಬ್ರು ತುಂಬಿದ ಕೆಟಲು ಹಿಡಿದು ಹೋಟೆಲಿನಿಂದ ವಾಪಸು ಬರುತ್ತಿದ್ದರು. ಕಂಪನಿ ಬಸ್ಸು ತಿರುವು ದಾಟಿ ಜೋರಾಗಿ ಬಂತು. ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು. ಹೋಟೆಲಿನಲ್ಲಿದ್ದವರು ಕೂಗಿದರು. ಸಾಬ್ರು ಕೆಟಲಿನ ಮೂತಿಯಿಂದ ಟೀ ತುಳುಕದ ಹಾಗೆ ನೋಡಿಕೊಳ್ಳುತ್ತಾ, ನಿಧಾನವಾಗಿ, ನಡುರಸ್ತೆಯಲ್ಲಿ ನಡೆದೇ ಬಂದರು. ಮೆಟ್ಟಿಲ ಮೇಲಿದ್ದ ಮಗಳು "ಅಬ್ಬಾ!" ಎಂದು ಚೀರಿ ಓಡಿದಳು. ಬಸ್ಸು ಕಿರ್ರೆಂದು ಅವರಿಂದ ಒಂದು ಮಾರು ದೂರದಲ್ಲಿ ನಿಂತಿತು.

ಡ್ರೈವರು ಕಿಟಕಿಯಿಂದ ತಲೆ ಹಾಕಿದ. "ಏಯ್ ಮುದುಕ, ಕಿವಿ ಕೇಳಲ್ವೇನಯ್ಯ ನಿಂಗೆ? ಸಾಯಕ್ಕೆ ನಮ್ ಬಸ್ಸೇ ಬೇಕಾ?"

ಓದಿದವನಾದ ನಾನು ಒಂದು ವಾರದಿಂದ ಹೇಳಲಾರದೆ ಒದ್ದಾಡುತ್ತಿದ್ದ ಮಾತನ್ನು ಆತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದ. ಸಾಬ್ರು ಏನೋ ನಮಸ್ಕಾರ ಹೇಳುತ್ತಿದ್ದಾನೆ ಎಂದುಕೊಂಡು ಕೈಯೆತ್ತಿ ಸಲಾಂ ಮಾಡಿದರು. ಬಸ್ಸಿನಲ್ಲಿದ್ದ ಕೆಲವರು ನಕ್ಕರು. ಮಗಳು ನಗಲಿಲ್ಲ. ಅಪ್ಪನ ಕೈಯಿಂದ ಕೆಟಲು ತೆಗೆದುಕೊಂಡು ಅಂಗಡಿಯಲ್ಲಿಟ್ಟು, ನನ್ನನ್ನು ಒಮ್ಮೆ ನೋಡಿ, ಬಸ್ಸು ಹತ್ತಿದಳು.

ಅಂದು ಸಂಜೆ ಕೆಲಸದಿಂದ ಬಂದವಳು ಸೀದಾ ನಮ್ಮ ಮನೆಗೇ ಬಂದಳು.

"ಮೇಷ್ಟ್ರೇ, ನಿಮಗೆ ಗೊತ್ತಿತ್ತು ಅಲ್ವಾ?"

"ಒಂದು ವಾರದಿಂದ" ಎಂದೆ.

"ನಂಗೆ ಮಾಸ್ಕ್ ಕಾಲದಿಂದ ಗೊತ್ತು. ಕೋಲಾರಕ್ಕೆ ಹೋಗಿ ತೋರಿಸ್ಕೊಂಡು ಬರೋಣ ಬನ್ನಿ ಅಂದ್ರೆ ಜಗಳ ಆಡ್ತಾರೆ. ಕಿವುಡನ ಅಂಗ್ಡಿಗೆ ರೇಡಿಯೋ ಕೇಳಕ್ಕೆ ಯಾರು ಬರ್ತಾರೆ ಅಂತಾರೆ. ಈಗ ಹೊಲಿಸೋರು ಎಷ್ಟು ಜನ ಇದಾರೆ ಹೇಳಿ? ಎಲ್ಲಾ ರೆಡಿಮೇಡು. ಅಂಗ್ಡಿ ತೆಗೆಯೋದೇ ನಿಮಗೋಸ್ಕರ."

"ಮತ್ತೆ ವಾರ್ತೆ ಹೆಂಗೆ ತಿಳ್ಕೊತಿದ್ರು?"

"ನಿಮ್ಮ ಬಾಯಿ ನೋಡಿ. ನೀವು ಪೆದ್ದಾಯನ್ರಿಗೆ ಹೇಳೋವಾಗ ನೋಡ್ಕೊಂಡು, ಸಂಜೆ ಮನೇಲಿ ನಂಗೆ ಹೇಳ್ತಾರೆ. ಹೋದ ವಾರ ಮೂರು ದಿನ ಮಳೆ ಅಂತ ಬಲವಂತವಾಗಿ ಛತ್ರಿ ಕೊಟ್ಟು ಕಳಿಸಿದ್ರು. ಆ ಬಿಸಿಲಲ್ಲಿ ಛತ್ರಿ ಹಿಡ್ಕೊಂಡು ಫ್ಯಾಕ್ಟ್ರಿ ಗೇಟಿಗೆ ಹೋದೆ. ಲೈನಲ್ಲಿ ಇರೋ ಹುಡುಗೀರೆಲ್ಲ ಇನ್ನೂ ನಗ್ತಾವ್ರೆ."

ಮಾಸ್ಕಿನ ಕಾಲದ ಒಗಟು ಬಿಡಿಸಿಕೊಂಡಿತು. ಅವರು ತಮ್ಮ ಕೈಯಾರೆ ಹೊಲಿದ ಬಟ್ಟೆಯೇ ಅವರ ಕಿವಿಗೆ ಅಡ್ಡ ಬಂದಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಅಷ್ಟು ವರ್ಷ ಆ ಮನುಷ್ಯನಿಗೆ ಇದ್ದ ಒಂದೇ ವಾರ್ತೆ ನನ್ನ ಬಾಯಿ. ಆ ಬಾಯಿಯಿಂದ ನಾನು ಸುಳ್ಳು ಬಿತ್ತರಿಸಿದ್ದೆ.

"ನೀವು ಹೇಳಿ ಮೇಷ್ಟ್ರೇ. ನೀವು ಹೇಳಿದ್ರೆ ಬರ್ತಾರೆ. ಇಲ್ದಿದ್ರೆ ಇನ್ನೊಂದಿನ ಆ ಬಸ್ಸು ನಿಲ್ಲಲ್ಲ" ಎಂದಳು. ಅವಳು ಹೋಗುವ ಬಸ್ಸೇ ಅದು ಎನ್ನುವುದನ್ನು ಇಬ್ಬರೂ ಆಡಲಿಲ್ಲ.

ಹೇಳುವುದು ಹೇಗೆ? ಕಿವುಡರಿಗೆ ಗುಟ್ಟು ಹೇಳಲು ಬರುವುದಿಲ್ಲ. ಅವರಿಗೆ ಕೇಳುವಷ್ಟು ಕೂಗಿದರೆ ಇಡೀ ತಾಯಲೂರಿಗೆ ಕೇಳುತ್ತದೆ. ಎದುರು ಕೂತು ತುಟಿ ತೋರಿಸಿಯೇ ಹೇಳಬೇಕು. ಮರುದಿನ ಬೆಳಿಗ್ಗೆ ಬೇಗ ಹೋಗಿ ಹೇಳಬೇಕೆಂದುಕೊಂಡೆ. ಮನೆಯಲ್ಲೇ ಪೇಪರು ತಿರುವುತ್ತಾ ತಡಮಾಡಿದೆ. ಹೋಗುವ ಹೊತ್ತಿಗೆ ವಾರ್ತೆ ಶುರುವಾಗಿತ್ತು. ಸ್ಟೂಲು ಎಳೆದು ಸಾಬ್ರ ಎದುರಿಗೇ ಕೂತೆ. ಈಗ ಬಿಟ್ಟರೆ ಇನ್ನೊಂದು ವಾರ 'ನೋಡೋಣ' ಆಗುತ್ತದೆ ಎಂದು ನನಗೆ ನನ್ನ ಬಗ್ಗೆ ಗೊತ್ತಿತ್ತು. ವಾರ್ತೆಯ ನಡುವೆಯೇ, ನಲವತ್ತು ವರ್ಷದಲ್ಲಿ ಮೊದಲ ಸಲ, ಬಾಯಿ ತೆರೆದೆ. ಒಂದೊಂದೇ ಪದ ಬಿಡಿಸಿ ಹೇಳಿದೆ.

"ಸಾಬ್ರೆ, ನಿಮಗೆ ಕಿವಿ ಕೇಳಿಸ್ತಿಲ್ಲ."

ಅವರು ನನ್ನ ತುಟಿಗಳನ್ನು ನೋಡಿದರು. ಪೆದ್ದಾಯನರು ಕ್ಯಾನಿನ ಮುಚ್ಚಳವನ್ನು ತಿರುಗಿಸತೊಡಗಿದರು. ಸಾಬ್ರು ಮೆಲ್ಲಗೆ ಬೆರಳೆತ್ತಿ ರೇಡಿಯೋದ ಕಡೆ ತೋರಿಸಿದರು. ವಾರ್ತೆ ನಡೆಯುತ್ತಿದೆ.

ನಾನು ಸುಮ್ಮನಾದೆ. ಆರು ನಿಮಿಷವಿದ್ದಿರಬಹುದು. ಅಷ್ಟು ಉದ್ದದ ವಾರ್ತೆಯನ್ನು ನಾನು ಹಿಂದೆ ಕೇಳಿರಲಿಲ್ಲ, ಮುಂದೆ ಕೇಳುವುದೂ ಬೇಡ. ಗಡಿಯಾರ ನೋಡಿ ರೇಡಿಯೋ ಆರಿಸಿದ ಮೇಲೆ ಸಾಬ್ರು ಹೇಳಿದರು: "ಈಗ ಮಾತಾಡಿ ಮೇಷ್ಟ್ರೆ."

ಎಲ್ಲವನ್ನೂ ಹೇಳಿದೆ. ಬಸ್ಸಿನ ಹಾರ್ನು, ಡ್ರೈವರ ಬೈಗುಳ, ಸೊಯ್ ಎಂದ ರೇಡಿಯೋ. ಕೊನೆಗೆ ಮಳೆಯ ಸುದ್ದಿ ನನ್ನದೇ ಎನ್ನುವುದನ್ನೂ. ಬೈಗುಳಕ್ಕೆ ಅವರು ನಕ್ಕರು. ಮಳೆಗೆ ನಗಲಿಲ್ಲ.

"ಉಳಿದಿದ್ದು ಏನಾದ್ರೂ ಆಗ್ಲಿ. ಅದು ತಪ್ಪು ಮೇಷ್ಟ್ರೆ. ನನ್ ಮಗಳು ಛತ್ರಿ ಹಿಡ್ಕೊಂಡು ಹೋದ್ಳು."

"ಹೌದು, ತಪ್ಪಾಯ್ತು" ಎಂದೆ.

ಅವರು ಎದ್ದು ಗೂಡಿನಿಂದ ರೇಡಿಯೋ ಇಳಿಸಿದರು. ತುಂಡು ಬಟ್ಟೆಯಲ್ಲಿ ಒರೆಸಿ, ಒಂದು ಚೀಲದಲ್ಲಿಟ್ಟು, ನನ್ನ ತೊಡೆಯ ಮೇಲಿಟ್ಟರು. "ನಿಮ್ ಮನೆಗೆ ತಗೊಂಡ್ ಹೋಗಿ. ಅಲ್ಲೇ ಕೇಳ್ಕೊಳ್ಳಿ ಇಬ್ರೂ. ನಂಗ್ಯಾಕೆ ಇನ್ನು."

ನಾನಾಗಿದ್ದರೆ ಯಾವುದಾದರೊಂದು ದೊಡ್ಡ ಮಾತು ಆಡಿ ಕೆಡಿಸುತ್ತಿದ್ದೆ. ಪೆದ್ದಾಯನರು ಕ್ಯಾನು ಕೆಳಗಿಟ್ಟು ಎದ್ದರು. ಚೀಲದಿಂದ ರೇಡಿಯೋ ತೆಗೆದು, ತುದಿಗಾಲಲ್ಲಿ ನಿಂತು, ಗೂಡಿನಲ್ಲಿಟ್ಟರು. ಸಾಬ್ರ ಎದುರು ಬಂದು, ಅವರಿಗೆ ಕಾಣುವಂತೆ ಬಾಯಿ ಅಗಲಿಸಿ, "ವಿನೇದಿ ಮೇಮು. ನುವ್ವು ಟೀ ತೇ" ಎಂದರು. ಕೇಳುವವರು ನಾವು, ನೀನು ಟೀ ತಾ.

ಸಾಬ್ರು ಕೆಟಲು ತೆಗೆದುಕೊಂಡರು. ಆ ದಿನ ನಾನೂ ಅವರ ಜೊತೆ ರಸ್ತೆ ದಾಟಿದೆ. ಅವರು ಬೇಡ ಎನ್ನಲಿಲ್ಲ.

ಆ ವಾರವೇ ಸಾಬ್ರು ಕೋಲಾರಕ್ಕೆ ಬರಲು ಒಪ್ಪಿದರು. ನಾವಿಬ್ಬರೂ ಮುಳಬಾಗಿಲಿನಲ್ಲಿ ಬಸ್ಸು ಬದಲಾಯಿಸಿ ಹೋದೆವು. ಆಸ್ಪತ್ರೆಯಲ್ಲಿ ಅವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿಸಿದಾಗ ಬೆರಳೆತ್ತಬೇಕೆಂದು ಸನ್ನೆ ಮಾಡಿ ಹೇಳಿದರು. ಸಾಬ್ರು ನೆಟ್ಟಗೆ ಕೂತು, ಪರೀಕ್ಷೆ ಮಾಡುವ ಹುಡುಗಿ ಅವರ ಕಡೆ ನೋಡಿದಾಗಲೆಲ್ಲ ಮರ್ಯಾದೆಯಿಂದ ಬೆರಳೆತ್ತಿದರು. ಅವಳು ಬಾಗಿಲು ತೆರೆದು, "ತಾತ, ನಾನಿನ್ನೂ ಮಿಷನ್ನೇ ಆನ್ ಮಾಡಿಲ್ಲ" ಎಂದಳು. ನಮ್ಮ ಸಾಬ್ರು ಎಷ್ಟೋ ವರ್ಷಗಳನ್ನು ಹೀಗೆಯೇ ಕಳೆದಿದ್ದರು. ನಾವೂ ಆ ಬೆರಳನ್ನು ನಂಬಿಕೊಂಡಿದ್ದೆವು.

ಎಡಕಿವಿ ಪೂರಾ ಹೋಗಿತ್ತು. ಬಲಕ್ಕೆ ಮಿಷನ್ನು ಹಾಕಿದರು. ಅದರಿಂದ ಹಾರ್ನು ಕೇಳುತ್ತದೆ, ಕುಕ್ಕರಿನ ಸೀಟಿ ಕೇಳುತ್ತದೆ, ನಾಯಿ ಬೊಗಳಿದ್ದು ಕೇಳುತ್ತದೆ. ಮಾತು ತಿಳಿಯುವುದಿಲ್ಲ. "ಡಬ್ಬದಲ್ಲಿ ಹುರುಳಿಕಾಳು ಹಾಕಿ ಅಲ್ಲಾಡಿಸ್ದಂಗೆ ಆಗತ್ತೆ. ವಾರ್ತೆ ಓದೋರ ದನಿ ಹಿಂಗಿರಲಿಲ್ಲ ಮೇಷ್ಟ್ರೆ" ಎಂದರು. ದನಿ ಹಿಂದಕ್ಕೆ ಬರುತ್ತದೆ ಎಂಬ ಆಸೆಯೊಂದು ಅವರ ಮನಸ್ಸಿನಲ್ಲಿ ಎಲ್ಲೋ ಇತ್ತೆಂದು ನನಗೆ ಆಗಲೇ ಗೊತ್ತಾದದ್ದು.

ಹೀಗಾಗಿ ನಮ್ಮ ಸಂವಿಧಾನಕ್ಕೆ ಮೊದಲ ತಿದ್ದುಪಡಿಯಾಯಿತು. ಈಗ ವಾರ್ತೆಯ ಹೊತ್ತಿನಲ್ಲಿ ನಾನು ಸಾಬ್ರ ಎದುರು ಕೂರುತ್ತೇನೆ. ರೇಡಿಯೋ ಹೇಳಿದ್ದನ್ನು ಒಂದು ವಾಕ್ಯ ಹಿಂದೆ ಇದ್ದುಕೊಂಡು, ತೆಲುಗಿನಲ್ಲಿ, ದನಿಯಿಲ್ಲದೆ, ತುಟಿಯಲ್ಲಷ್ಟೇ ಹೇಳುತ್ತೇನೆ. ಇಷ್ಟು ವರ್ಷ ನನ್ನ ತುಟಿಯಲ್ಲಿ ಅವರು ಕಲಿತದ್ದು ತೆಲುಗನ್ನೇ; ವಾರ್ತೆಯಂಥ ಉದ್ದ ಮಾತನ್ನು ಕನ್ನಡದಲ್ಲಿ ಹೇಳಿದರೆ ತಡವರಿಸುತ್ತಾರೆ. ದನಿ ಹೊರಡದಿರುವುದರಿಂದ ಮೌನದ ನಿಯಮಕ್ಕೆ ಭಂಗವಿಲ್ಲ ಎಂದು ಪೆದ್ದಾಯನರು ತೀರ್ಪು ಕೊಟ್ಟಿದ್ದಾರೆ. ಈ ಹುದ್ದೆಗಾಗಿ ನಾನು ನಲವತ್ತು ವರ್ಷದ ಮೀಸೆಯನ್ನು ತೆಗೆಸಿದೆ. ಮೇಲ್ತುಟಿ ಕಾಣುವುದಿಲ್ಲ ಎಂದು ಸಾಬ್ರು ಎಷ್ಟೋ ಸಂಕೋಚದಿಂದ ಹೇಳಿದ್ದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಯಾರು ಬೇಕಾಗಿತ್ತು?" ಎಂದು ಕೇಳಿದಳು.

ಮೊನ್ನೆ ಒಂದು ಬೆಳಿಗ್ಗೆ, ದೂರದ ಯಾವುದೋ ರಾಜ್ಯದಲ್ಲಿ ಕಾರ್ಖಾನೆಯ ಕೆಲಸಗಾರರನ್ನು ಕರೆದೊಯ್ಯುತ್ತಿದ್ದ ಬಸ್ಸೊಂದು ಕಂದಕಕ್ಕೆ ಬಿದ್ದು, ಅದರಲ್ಲಿದ್ದ ಹೆಚ್ಚಿನವರು ಹೋದರು ಎಂದು ರೇಡಿಯೋ ಹೇಳಿತು. ಮಗಳು ಮೆಟ್ಟಿಲ ಮೇಲೆ ನಿಂತಿದ್ದಳು. ನನ್ನ ತುಟಿ ನಿಂತಿತು. ಅಷ್ಟರಲ್ಲಿ ಕ್ರಿಕೆಟ್ ಬಂತು. ನಾನು ಕ್ರಿಕೆಟಿಗೆ ದಾಟಿದೆ. ಸಾಬ್ರು ನನ್ನನ್ನು ಬಿಟ್ಟು ಪೆದ್ದಾಯನರ ಮುಖ ನೋಡಿದರು. ಬಸ್ಸು ಬಿತ್ತು ಎಂಬಷ್ಟು ತಿಳಿದಿದ್ದ ಪೆದ್ದಾಯನರು ಮೆಟ್ಟಿಲ ಕಡೆ ನೋಡುತ್ತಿದ್ದರು. ಆಮೇಲೆ, ವಾರ್ತೆ ನಡೆಯುತ್ತಿರುವಾಗಲೇ, ಬಾಯಿ ತೆರೆದರು.

"ಮೇಷ್ಟ್ರೆ, ಒಂದು ಬಿಟ್ರಿ."

ನಾನು ಹೌದೆಂದು ತಲೆಯಾಡಿಸಿದೆ.

"ಹೇಳಿ. ಪೂರ್ತಿ ಹೇಳಿ."

ಹೇಳಿದೆ. ರೇಡಿಯೋ ಎಷ್ಟು ಹೇಳಿತ್ತೋ ಅಷ್ಟು, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಸಾಬ್ರು ಕಣ್ಣು ಮುಚ್ಚಿ, ಎರಡೂ ಕೈ ಬಿಚ್ಚಿ ಹಿಡಿದು, ತಮ್ಮವರು ಸತ್ತಾಗ ಹೇಳುವ ಪ್ರಾರ್ಥನೆಯನ್ನು ಮೆಲ್ಲಗೆ ಹೇಳಿಕೊಂಡರು. ಹವಾಮಾನ ಮುಗಿಯುವ ತನಕ ಹಾಗೆಯೇ ಕೂತಿದ್ದರು.

ಕಂಪನಿ ಬಸ್ಸು ಬಂತು. ಸಾಬ್ರು ಕೆಟಲು ಮುಟ್ಟಲಿಲ್ಲ. ಮಗಳ ಜೊತೆ ಬಸ್ಸಿನ ತನಕ ನಡೆದು, ಅವಳು ಹತ್ತಿದ ಮೇಲೆ, ಸುತ್ತಿಕೊಂಡು ಡ್ರೈವರನ ಕಿಟಕಿಯ ಹತ್ತಿರ ಹೋದರು. ಮುದುಕ ಎಂದು ಬೈದಿದ್ದ ಅದೇ ಡ್ರೈವರು.

"ನಿಧಾನಕ್ಕೆ ಹೋಗಪ್ಪ" ಎಂದರು. "ವಾರ್ತೆಲಿ ಹೇಳಿದ್ರು, ಒಂದು ಬಸ್ಸು ಬಿತ್ತಂತೆ. ನಿಮ್ಮಂಗೇ ಕೆಲ್ಸಕ್ಕೆ ಹೋಗೋ ಮಕ್ಕಳು."

ಡ್ರೈವರು ಎಂಜಿನ್ ಆರಿಸಿ ಕೆಳಗೆ ಬಾಗಿ ಏನೋ ಉತ್ತರ ಹೇಳಿದ. ಅಂಗಡಿಯಲ್ಲಿದ್ದ ನಮಗೆ ಅದು ಕೇಳಿಸಲಿಲ್ಲ. ಸಾಬ್ರು ಅವನ ತುಟಿಗಳನ್ನೇ ನೋಡುತ್ತಾ ಕೊನೆಯ ತನಕ ನಿಂತಿದ್ದು, ತಲೆಯಾಡಿಸಿ, ಬಸ್ಸಿಗೆ ದಾರಿ ಬಿಟ್ಟರು.